ಬೋಲ್ಟಿನ ತಲೆ ಸವೆಸಿದವರು ಯಾರು?

"ಮೇಡಂ, ನಿಮಗೆ ಹೇಳಿದ್ರೆ ಅರ್ಥ ಆಗಲ್ಲ. ಯಜಮಾನರನ್ನ ಕಳಿಸಿ, ಅವರ ಹತ್ರ ಮಾತಾಡ್ತೀನಿ."

ಜಯನಗರದ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗಿರುವ ಗ್ಯಾರೇಜಿನವನು ಹೀಗೆಂದಾಗ ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಏಕೆಂದರೆ ನಮ್ಮ ಯಜಮಾನರಿಗೆ ಕಾರಿನ ಬಗ್ಗೆ ಗೊತ್ತಿರುವುದು ಎರಡೇ ಸಂಗತಿ. ಪೆಟ್ರೋಲು ಎಲ್ಲಿ ಹಾಕಿಸಬೇಕು ಎನ್ನುವುದು ಒಂದು, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಎನ್ನುವುದು ಇನ್ನೊಂದು. ಕಾರು ನನ್ನದು. ಓಡಿಸುವವಳು ನಾನು. ಅದರ ಸದ್ದು ಬದಲಾದರೆ ಮೊದಲು ಗೊತ್ತಾಗುವುದೂ ನನಗೇ. ಆದರೂ ಅದರ ರೋಗ ಏನೆಂದು ಕೇಳುವ ಅರ್ಹತೆ ಮಾತ್ರ ಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದವರಿಗೆ!

ರೋಗವೇನೂ ದೊಡ್ಡದಲ್ಲ. ನನ್ನದು ಹಳೆಯ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಆ ಪುಟ್ಟ ಕಾರು ಗೊತ್ತಲ್ಲ, ಅದೇ. ಮಳೆ ಬಂದ ಮಾರನೆಯ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಾಲ ತುಳಿದ ಬೆಕ್ಕಿನ ಹಾಗೆ ಕಿರುಚುತ್ತಿತ್ತು. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟು ಸಡಿಲವಾಗಿತ್ತು. ಒಂದು ಬೋಲ್ಟು ಸಡಿಲಿಸಿ, ಆಲ್ಟರ್ನೇಟರನ್ನು ಸ್ವಲ್ಪ ಆಚೆಗೆ ಮೀಟಿ, ಬೆಲ್ಟು ಬಿಗಿಯಾದ ಮೇಲೆ ಬೋಲ್ಟನ್ನು ಮತ್ತೆ ಬಿಗಿ ಮಾಡಬೇಕು. ಹೆಬ್ಬೆರಳಿನಿಂದ ಬೆಲ್ಟಿನ ನಡುವೆ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ತಗ್ಗಿದರೆ ಸರಿ. ಹತ್ತು ನಿಮಿಷದ ಕೆಲಸ.

ಆ ಹತ್ತು ನಿಮಿಷದಲ್ಲಿ ಗ್ಯಾರೇಜಿನ ಹುಡುಗ ಬೋಲ್ಟಿನ ತಲೆಯನ್ನು ಗೋಲಿ ಮಾಡಿಟ್ಟ. ಆರು ಮೂಲೆಯ ತಲೆ ಸವೆದು ದುಂಡಗಾಯಿತು. ಇನ್ನು ಯಾವ ಸ್ಪ್ಯಾನರ್ ಹಾಕಿದರೂ ಸುಮ್ಮನೆ ಸುತ್ತು ತಿರುಗುವುದು. "ರೌಂಡ್ ಆಗೋಯ್ತು, ಸರ್ವೀಸ್ ಇಲ್ಲದ ಗಾಡಿ, ತುಕ್ಕು" ಎಂದು ಮಾಲೀಕ ಕೈ ಒರೆಸಿಕೊಂಡ. ಈಗ ಆಲ್ಟರ್ನೇಟರು, ಅದರ ಬ್ರಾಕೆಟ್ಟು, ಬೆಲ್ಟು ಎಲ್ಲ ಸೇರಿಸಿ ಬದಲಾಯಿಸಬೇಕಂತೆ. ಎಂಟು ಸಾವಿರ. ಯಜಮಾನರನ್ನು ಕಳಿಸಬೇಕಂತೆ.

ಕಳಿಸಲಿಲ್ಲ. ಕಿರುಚುವ ಕಾರನ್ನೇ ಮನೆಗೆ ತಂದು ನಿಲ್ಲಿಸಿದೆ. ಈ ಪ್ರಬಂಧ ಶುರುವಾಗಿದ್ದೇ ಅಲ್ಲಿಂದ.

ಆ ಭಾನುವಾರ ಮನೆಯ ಗಂಡಸರಿಗೆಲ್ಲ ಪೌರುಷ ಉಕ್ಕಿ ಬಂತು. ಯಜಮಾನರು ಅಟ್ಟದಿಂದ ನಮ್ಮ ಮಾವನವರ ಪೆಟ್ಟಿಗೆ ಇಳಿಸಿದರು. ಅಂಬಾಸಿಡರ್ ಕಾಲದ ಸ್ಪ್ಯಾನರುಗಳು, ಒಂದೊಂದೂ ಮಗುವಿನ ತೋಳಿನಷ್ಟು ಭಾರ. ಮೈದುನ ಬನಶಂಕರಿಯಿಂದ ಬಂದ. ಪಕ್ಕದ ಮನೆಯ ರಿಟೈರ್ಡ್ ಇಂಜಿನಿಯರು ಗೇಟಿನಾಚೆಯಿಂದಲೇ ಸಲಹೆ ಕೊಟ್ಟರು. ನಾನು ಟಾರ್ಚ್ ಹಿಡಿದು ನಿಂತೆ. ಗಂಡಸರು ರಿಪೇರಿ ಮಾಡುವಾಗ ಹೆಂಗಸರಿಗೆ ಕೊಡುವ ಹುದ್ದೆ ಅದೊಂದೇ ಅಲ್ಲವೇ? ಟಾರ್ಚ್ ಹಿಡಿಯುವುದು, ಕಾಫಿ ತರುವುದು, ಅಲುಗಾಡಿದರೆ ಬೈಸಿಕೊಳ್ಳುವುದು.

"ಬಲ ಸಾಲ್ದು ಕಣೋ, ಪೈಪ್ ಸಿಗಿಸಿ ಎಳಿ" ಎಂದರು ಇವರು. ಪೈಪು ಸಿಗಿಸಿ ಎಳೆದರು. ಸ್ಪ್ಯಾನರ್ ಜಾರಿ ಮೈದುನನ ಬೆರಳ ಗೆಣ್ಣು ರೇಡಿಯೇಟರಿಗೆ ಬಡಿದು ರಕ್ತ ಬಂತು. ಬೋಲ್ಟಿಗೆ ಅಷ್ಟಿಷ್ಟು ಉಳಿದಿದ್ದ ಮೂಲೆಯೂ ಹೋಯಿತು. ಅರಿಶಿನ ಹಚ್ಚಿದ್ದು ನಾನು.

ಸಂಜೆ ಎಲ್ಲರೂ ಹೋದ ಮೇಲೆ ಆ ಸ್ಪ್ಯಾನರನ್ನು ತೊಳೆದು ಬೆಳಕಿಗೆ ಹಿಡಿದು ನೋಡಿದೆ. ಅದರ ಮೇಲೆ ಬರೆದಿತ್ತು, ಅರ್ಧ ಇಂಚು. ನನ್ನ ಕಾರಿನ ಬೋಲ್ಟಿನ ತಲೆ 12 ಮಿಲಿಮೀಟರು. ಅರ್ಧ ಇಂಚು ಎಂದರೆ 12.7. ಆ 0.7 ಮಿಲಿಮೀಟರು ಸಡಿಲದಲ್ಲಿ ಇಡೀ ಭಾನುವಾರ ಮೂವರು ಗಂಡಸರು ಬೆವರು ಸುರಿಸಿದ್ದರು! ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಗೆ 1956ರಲ್ಲೇ ಕಾಯ್ದೆ ಆಯಿತು. ಸೇರು, ಮಣ ಹೋಗಿ ಕಿಲೋ ಬಂತು, ಗಜ ಹೋಗಿ ಮೀಟರು ಬಂತು. ಅಡುಗೆಮನೆಯಲ್ಲಿ ನಾವು ಹೆಂಗಸರು ಅದನ್ನು ಕಲಿತು ಎಷ್ಟೋ ಕಾಲವಾಯಿತು. ಅಂಬಾಸಿಡರಿನ ಇಂಚಿನ ಪೆಟ್ಟಿಗೆ ಮಾತ್ರ ಅಟ್ಟದ ಮೇಲೆ ವಂಶದ ಗೌರವವಾಗಿ ಕೂತಿತ್ತು.

ಈಗ ನನ್ನ ವಾದಕ್ಕೆ ಬರುತ್ತೇನೆ. "ಹೆಂಗಸರಿಗೆ ಬಲ ಸಾಲದು, ಅದಕ್ಕೇ ಇಂಥ ಕೆಲಸ ಅವರದ್ದಲ್ಲ" ಎನ್ನುತ್ತಾರಲ್ಲ, ಆ ಮಾತೇ ಸುಳ್ಳು. ಬೋಲ್ಟಿನ ತಲೆ ಸವೆಯುವುದು ಬಲ ಸಾಲದೆ ಅಲ್ಲ, ಬಲ ಹೆಚ್ಚಾಗಿ. ಅಳತೆ ನೋಡದೆ ಹಾಕಿದ ಬಲದಿಂದ. ನನ್ನಂಥ ಕಡ್ಡಿ ಕೈಯವಳು ಹಾಕಿದ್ದರೆ ಬೋಲ್ಟು ಬಿಚ್ಚುತ್ತಿರಲಿಲ್ಲ, ನಿಜ. ಆದರೆ ಹಾಳೂ ಆಗುತ್ತಿರಲಿಲ್ಲ. ತಿರುಗಿಸುವ ಶಕ್ತಿ ತೋಳಿನಿಂದ ಮಾತ್ರ ಬರುವುದಿಲ್ಲ, ಹಿಡಿಯ ಉದ್ದದಿಂದಲೂ ಬರುತ್ತದೆ. ಹಿಡಿ ಎರಡರಷ್ಟು ಉದ್ದವಾದರೆ ಅರ್ಧ ಬಲ ಸಾಕು. ಬೀಸುವ ಕಲ್ಲಿನ ಗೂಟ ಹಿಡಿದು ತಿರುಗಿಸಿದವರಿಗೆ ಇದನ್ನು ಯಾರು ಹೇಳಿಕೊಡಬೇಕು? ಆದರೆ ಉದ್ದದ ಹಿಡಿಯೂ ತಲೆಗೆ ಸರಿಯಾಗಿ ಕೂರುವ ಸ್ಪ್ಯಾನರಿಗೆ ಮಾತ್ರ. ಕೂರದ್ದಕ್ಕೆ ಪೈಪು ಸಿಗಿಸಿದರೆ ಮೈದುನನ ಬೆರಳಿನ ಗತಿ.

ಮಾರನೆಯ ದಿನ ನಾನು ಬಸ್ಸು ಹತ್ತಿ ಎಸ್.ಪಿ. ರಸ್ತೆಗೆ ಹೋದೆ. ನಟ್ಟು, ಬೋಲ್ಟು, ಮೋಟಾರು, ಹತಾರು ಅಂತ ಅಂಗಡಿಗೆ ಅಂಗಡಿ ಅಂಟಿಕೊಂಡಿರುವ ಆ ರಸ್ತೆಯಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ಅಲ್ಲಿ ಒಬ್ಬ ವಯಸ್ಸಾದ ಅಂಗಡಿಯವರು ನನ್ನ ಮಾತನ್ನು ಪೂರ್ತಿ ಕೇಳಿದರು. "ಯಜಮಾನರನ್ನ ಕಳಿಸಿ" ಎನ್ನಲಿಲ್ಲ. ಎರಡು ರಿಂಗುಗಳನ್ನು ಮೇಜಿನ ಮೇಲಿಟ್ಟು, "ನೋಡಮ್ಮ, ಇದರೊಳಗೆ ಹನ್ನೆರಡು ಮೂಲೆ, ಇದರೊಳಗೆ ಆರೇ ಮೂಲೆ. ಹನ್ನೆರಡರದ್ದು ಬೋಲ್ಟಿನ ಮೂಲೆಯನ್ನ ಮಾತ್ರ ಕಚ್ಚುತ್ತೆ, ಮೂಲೆ ಹೋಯ್ತೋ, ಮುಗೀತು. ಆರರದ್ದು ಪಕ್ಕೆ ಹಿಡಿಯುತ್ತೆ. ಹಳೇ ಬೋಲ್ಟಿಗೆ ಯಾವಾಗ್ಲೂ ಆರು ಮೂಲೆಯದ್ದೇ ತಗೊಳ್ಳಿ. ಅವಸರ ಮಾಡ್ಬೇಡಿ, ತುಕ್ಕಿಗೆ ಟೈಮ್ ಕೊಡಿ" ಎಂದರು. ಹಾಗಾಗಿ ನಾನು ಗಂಡಸರ ಮೇಲೆಲ್ಲ ಕತ್ತಿ ಮಸೆಯುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ನನ್ನ ಜಗಳ ಗೊತ್ತಿಲ್ಲದೆ ಗೊತ್ತಿರುವವರಂತೆ ಆಡುವವರ ಜೊತೆ. ಗೊತ್ತಿದ್ದವರು ಹೇಳಿಕೊಟ್ಟೇ ಕೊಡುತ್ತಾರೆ.

ಮೂರು ದಿನ ಹಿಡಿಯಿತು. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು ಎಂದು ಬರೆಯುತ್ತೇನೆ. ಮೊದಲ ದಿನ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಟ್ಟೆ. ಆಲ್ಟರ್ನೇಟರಿನ ಹತ್ತಿರ ಕಬ್ಬಿಣದ ಹತಾರು ಹಿಡಿದು ಆಡುವಾಗ ಇದನ್ನು ಮರೆಯಬಾರದು. ಹಳೆಯ ಹಲ್ಲುಜ್ಜುವ ಬ್ರಷ್ಷು, ತಂತಿ ಬ್ರಷ್ಷು ಎರಡರಿಂದಲೂ ಉಜ್ಜಿ ಮಣ್ಣು ತೆಗೆದೆ. ತುಕ್ಕಿನ ಎಣ್ಣೆ ಸ್ಪ್ರೇ ಮಾಡಿ, ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ಹಗುರವಾಗಿ, ದೇವರ ಮನೆಯ ಗಂಟೆ ಬಾರಿಸುವಷ್ಟು ಮೆಲ್ಲಗೆ, ಹತ್ತಿಪ್ಪತ್ತು ಸಲ ಬಡಿದೆ. ಕಬ್ಬಿಣ ತುಕ್ಕಾದರೆ ಉಬ್ಬುತ್ತದೆ. ಮರೆಯ ಸಂದಿಯಲ್ಲಿ ಉಬ್ಬಿ ಕೂತದ್ದೇ ಬೋಲ್ಟನ್ನು ಹಿಡಿದುಕೊಳ್ಳುವುದು. ಬಡಿದರೆ ಆ ಹಿಡಿತ ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ರಾತ್ರಿಯಿಡೀ ಬಿಟ್ಟೆ. ಅವಲಕ್ಕಿ ನೆನೆಯಲು, ಉದ್ದಿನ ಹಿಟ್ಟು ಹುದುಗಲು ಬಿಡುವುದಿಲ್ಲವೇ? ಹಾಗೆ.

ಎರಡನೆಯ ದಿನವೂ ಅದೇ ಪೂಜೆ. ಆರು ಮೂಲೆಯ 12ರ ಸಾಕೆಟ್ ಹಾಕಿ ನೋಡಿದೆ. ಜಾರಿತು. ತಕ್ಷಣ ನಿಲ್ಲಿಸಿದೆ. ನಿಲ್ಲಿಸುವುದೇ ಈ ಕೆಲಸದ ಅರ್ಧ ವಿದ್ಯೆ. ಆಮೇಲೆ ಸಣ್ಣ ಅರ ಹಿಡಿದು, ಕೈಯಾಡಲು ಜಾಗವಿಲ್ಲದ ಆ ಸಂದಿಯಲ್ಲಿ, ಬೋಲ್ಟಿನ ದುಂಡು ತಲೆಯ ಪಕ್ಕೆಗಳನ್ನು ಒಂದೊಂದಾಗಿ ಉಜ್ಜುತ್ತಾ ಹೋದೆ. 12ರ ತಲೆಯನ್ನು 11 ಮಾಡುವ ಉಪಾಯ. ಮಧ್ಯಾಹ್ನವೆಲ್ಲ ಹಿಡಿಯಿತು. ಮೂರನೆಯ ದಿನ 11ರ ಸಾಕೆಟ್ಟನ್ನು ಅದರ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿದೆ. ಬೆರಳ ಉಂಗುರ ಬಿಗಿಯಾಗಿ ಕೂತಂತೆ ಕೂತಿತು. ಮೊದಲು ಬಲಕ್ಕೆ, ಬಿಗಿ ಮಾಡುವ ಕಡೆಗೇ, ಕೂದಲೆಳೆಯಷ್ಟು. ಇದನ್ನು ಯಾರೂ ನಂಬುವುದಿಲ್ಲ, ಆದರೆ ತುಕ್ಕು ಮುರಿಯುವುದು ಹಾಗೆ. ಆಮೇಲೆ ಎಡಕ್ಕೆ, ಹಿಡಿಯನ್ನು ನನ್ನ ಕಡೆಗೆ ಎಳೆದುಕೊಂಡು. ದೂಡಿದರೆ ಗೆಣ್ಣು ಒಡೆಯುತ್ತದೆ. "ಟಕ್" ಎಂದಿತು. ಮುರಿಯಿತೇನೋ ಎಂದು ಎದೆ ಧಸಕ್ಕೆಂದಿತು. ಮುರಿದಿರಲಿಲ್ಲ. ಕೆಂಪು ಪುಡಿ ಉದುರಿಸುತ್ತಾ ಬಿಚ್ಚಿಕೊಂಡು ಕೈಗೆ ಬಂತು.

ಅದು ಬಾರದೇ ಹೋಗಿದ್ದರೆ ಮುಂದಿನ ದಾರಿಗಳೂ ಇದ್ದವು. ಉಳಿ ಇಟ್ಟು ಎಡಕ್ಕೆ ಬಡಿಯುವುದು, ಬಿಗಿಹಿಡಿತದ ಇಕ್ಕಳ ಕಚ್ಚಿಸುವುದು, ತಲೆಯ ಮೇಲೆ ಒಂದು ನಟ್ಟನ್ನು ವೆಲ್ಡ್ ಮಾಡಿಸಿ ತಿರುಗಿಸುವುದು. ವೆಲ್ಡಿಂಗಿಗೆ ನಾನೂ ಕಸುಬಿನವರ ಹತ್ತಿರವೇ ಹೋಗುತ್ತಿದ್ದೆ. ಎಲ್ಲವನ್ನೂ ನಾನೇ ಮಾಡುತ್ತೇನೆ ಎಂಬ ಜಂಭ ನನಗಿಲ್ಲ. ಎಲ್ಲಿಯವರೆಗೆ ನನ್ನ ಕೈ, ಎಲ್ಲಿಂದ ಅವರ ಕೈ ಎಂದು ತಿಳಿಯುವ ಹಕ್ಕು ಬೇಕು, ಅಷ್ಟೆ.

ಹೊಸ ಬೋಲ್ಟಿಗೆ ಮೊದಲು ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅವರು ಕೊಟ್ಟ ಬೋಲ್ಟಿನ ಮೈ 8 ಮಿಲಿಮೀಟರು, ಸರಿಯಾಗಿತ್ತು. ತಲೆ ಮಾತ್ರ 13! ಜಪಾನಿನ ಕಾರುಗಳಲ್ಲಿ ಅದೇ ಮೈಗೆ 12ರ ತಲೆ ಇಡುವುದು ರೂಢಿ. ಕಾರಿನದ್ದೇ ಬೇಕೆಂದು ಜೆ.ಸಿ. ರಸ್ತೆಗೆ ಹೋಗಿ ತಂದೆ. ಅದರ ಬೆಲೆ ಒಂದು ಮೊಳ ಮಲ್ಲಿಗೆಗಿಂತ ಕಮ್ಮಿ. ಮರೆಗೆ ಸ್ವಲ್ಪ ಗ್ರೀಸು ಸವರಿ ಹಾಕಿದೆ. ಬೆಕ್ಕು ಸುಮ್ಮನಾಯಿತು. ಎಂಟು ಸಾವಿರ ಉಳಿಯಿತು.

ಈ ಕಥೆಯನ್ನು ಬಿಟಿಎಂ ಲೇಔಟಿನ ನನ್ನ ಗೆಳತಿಗೆ ಹೆಮ್ಮೆಯಿಂದ ಹೇಳಿದರೆ ಅವಳು ಬೈದಳು. "ನಿನಗೆ ಬುದ್ಧಿ ಇಲ್ಲ ಕಣೇ. ಅಡುಗೆ ನಮ್ಮದು, ಮಕ್ಕಳು ನಮ್ಮದು, ಅತ್ತೆಯ ಮಾತ್ರೆ ನಮ್ಮದು, ಮೇಲೆ ಆಫೀಸು. ಉಳಿದಿದ್ದು ಕಾರೊಂದು. ಅದನ್ನೂ ನಾವೇ ರಿಪೇರಿ ಮಾಡಿದ್ರೆ ಅವರೇನು ಮಾಡ್ತಾರೆ? ನಾಳೆ ನಮ್ಮನೆಯವರೂ 'ಅವಳು ಮಾಡಲ್ವಾ, ನೀನೂ ಮಾಡು' ಅಂತಾರೆ."

ಗ್ಯಾರೇಜಿನವನ ಮಾತಿಗೆ ಉತ್ತರ ಸುಲಭ. ಇವಳ ಮಾತಿಗೆ ಕಷ್ಟ. ಏಕೆಂದರೆ ಅವಳು ಹೇಳಿದ್ದು ನಿಜ. ನಮ್ಮ ಮನೆಗಳಲ್ಲಿ ಹೆಣ್ಣು ಒಂದು ಕೆಲಸ ಕಲಿತರೆ ಅದು ಅವಳ ಪಾಲಿಗೇ ಖಾಯಂ ಆಗುತ್ತದೆ. ಸ್ಕೂಟರ್ ಕಲಿತವಳಿಗೆ ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ ಬಂತು. ಬ್ಯಾಂಕಿನ ವ್ಯವಹಾರ ಕಲಿತವಳಿಗೆ ಕ್ಯೂ ನಿಲ್ಲುವ ಕೆಲಸ ಬಂತು. ಆದರೆ ಹಾಗೆಂದು ಕಲಿಯದೇ ಇರುವುದು ಪರಿಹಾರವೇ? ಕೆಲಸ ಹೆಚ್ಚಾಯಿತೆಂದರೆ ಕೆಲಸ ಹಂಚಬೇಕು, ತಿಳಿವಳಿಕೆಯನ್ನು ಬಿಟ್ಟುಕೊಡಬಾರದು. ನಾನು ಬೋಲ್ಟು ಉಜ್ಜಿದ ಆ ಮೂರು ದಿನ ಸಾರು ಮಾಡಿದ್ದು ಯಜಮಾನರು. ಮೊದಲ ದಿನ ಉಪ್ಪಿರಲಿಲ್ಲ. ಮೂರನೆಯ ದಿನ ಚೆನ್ನಾಗಿತ್ತು. ಅವರಿಗೂ ಮೂರು ದಿನವೇ ಹಿಡಿಯಿತು, ನೋಡಿ.

ಇನ್ನೊಂದು ಮಾತು. ನಾವು ಹೆಂಗಸರಿಗೆ ಯಂತ್ರ ಹೊಸದೇ? ನಮ್ಮ ಅಮ್ಮ ಸೀಮೆಎಣ್ಣೆಯ ಪಂಪ್ ಸ್ಟವ್ವನ್ನು ಬಿಚ್ಚಿ ಜೋಡಿಸುತ್ತಿದ್ದಳು. ಪಿನ್ನು ಚುಚ್ಚಿ ನಿಪ್ಪಲ್ಲು ಬಿಡಿಸುವಳು, ಪಂಪಿನ ಚರ್ಮದ ವಾಷರು ಒಣಗಿದರೆ ಎಣ್ಣೆಯಲ್ಲಿ ನೆನೆಸಿ ಹಾಕುವಳು. ಹೊಲಿಗೆ ಯಂತ್ರದ ದಾರ ಗಂಟಾದರೆ ಟೆನ್ಷನ್ ಸ್ಕ್ರೂ ಕಾಲು ಸುತ್ತು ತಿರುಗಿಸಿ ಸರಿಮಾಡುವಳು. ಕುಕ್ಕರಿನ ವಾಲ್ವು ಯಾವಾಗ ಬದಲಾಯಿಸಬೇಕೆಂದು ಅವಳಿಗೆ ಗೊತ್ತಿತ್ತು. ಯಾರೂ ಅವಳನ್ನು ಮೆಕ್ಯಾನಿಕ್ ಎನ್ನಲಿಲ್ಲ. ಅಡುಗೆಮನೆಯಲ್ಲಿ ಮಾಡಿದ್ದೆಲ್ಲ ಅಡುಗೆಯೇ ಅಲ್ಲವೇ!

ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ 1961ರಲ್ಲಿ ಜಪಾನಿನವರ ಸಹಯೋಗದಲ್ಲಿ ಶುರುವಾದಾಗ, ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂಗಳನ್ನು ಕೂರಿಸಿದವರಲ್ಲಿ ಎಷ್ಟೊಂದು ಹೆಂಗಸರಿದ್ದರು! 2016ರಲ್ಲಿ ಆ ಗಡಿಯಾರದ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಅವರು ಜೋಡಿಸಿದ ಗಡಿಯಾರ ಇವತ್ತೂ ಎಷ್ಟೋ ಯಜಮಾನರ ಕೈಯಲ್ಲಿ ಓಡುತ್ತಿದೆ. ಸಣ್ಣ ಸ್ಕ್ರೂ ಆದರೆ ಹೆಣ್ಣಿನ ಬೆರಳು ನಯ, ದೊಡ್ಡ ಬೋಲ್ಟು ಆದರೆ ಹೆಣ್ಣಿನ ಕೈ ದುರ್ಬಲ. ಇದು ಯಾವ ಊರಿನ ನ್ಯಾಯ?

1974ರಲ್ಲಿ ಪುಣೆಯ ಟೆಲ್ಕೋ ಕಂಪನಿ ಇಂಜಿನಿಯರುಗಳು ಬೇಕೆಂದು ಹಾಕಿದ ಪ್ರಕಟಣೆಯಲ್ಲಿ ಹೆಂಗಸರು ಅರ್ಜಿ ಹಾಕುವುದು ಬೇಡ ಎಂದಿತ್ತು. ಆಗ ಬೆಂಗಳೂರಿನಲ್ಲಿ ಓದುತ್ತಿದ್ದ ಸುಧಾ ಮೂರ್ತಿಯವರು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದು ಕೇಳಿದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಆ ಪ್ರಕಟಣೆ ಈಗ ಪೇಪರಿನಲ್ಲಿ ಬರುವುದಿಲ್ಲ, ನಿಜ. ಅದು ಪೇಪರಿನಿಂದ ಇಳಿದು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಿದೆ.

ಅಷ್ಟೇಕೆ, ಪ್ರಪಂಚದಲ್ಲಿ ಮೊದಲ ಬಾರಿಗೆ ಕಾರಿನಲ್ಲಿ ದೂರ ಪ್ರಯಾಣ ಮಾಡಿದ್ದೇ ಒಬ್ಬ ಹೆಂಗಸು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಥಾ ಬೆಂಜ್ ತನ್ನ ಗಂಡನಿಗೆ ಹೇಳದೆ, ಅವನು ಮಾಡಿದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಸುಮಾರು ನೂರು ಕಿಲೋಮೀಟರು ದೂರದ ತವರಿಗೆ ಹೊರಟಳು. ಹೌದು, ತವರಿಗೇ! ದಾರಿಯಲ್ಲಿ ಪೆಟ್ರೋಲಿನ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರರ ಹತ್ತಿರ ಹೋಗಿ ಚರ್ಮ ಹೊಡೆಸಿದಳು. ಓದಿದಾಗ ನನಗೆ ನೆನಪಾದದ್ದು ಅಮ್ಮನ ಸ್ಟವ್ ಪಿನ್ನು ಮತ್ತು ಚರ್ಮದ ವಾಷರು.

ಸ್ಟವ್ವಿನ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. "ಸ್ಟವ್ ಸಿಡಿದು ಗೃಹಿಣಿ ಸಾವು" ಎಂಬ ಎರಡು ಸಾಲಿನ ಸುದ್ದಿಯನ್ನು 1980, 90ರ ದಶಕದಲ್ಲಿ ನಾವೆಲ್ಲ ಓದಿದ್ದೇವೆ. ಅಮ್ಮ ಅದನ್ನು ಓದಿದಾಗಲೆಲ್ಲ ಪೇಪರು ಮಡಿಸಿಟ್ಟು, "ಸ್ಟವ್ ಹಾಗೆ ಸಿಡಿಯಲ್ಲ" ಎನ್ನುತ್ತಿದ್ದಳು. ಅಷ್ಟೇ ಹೇಳುತ್ತಿದ್ದಳು. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ಇಂಥ ಸಾವುಗಳ ಬೆನ್ನುಹತ್ತಿ, ಆಕಸ್ಮಿಕ ಎಂದು ಮುಚ್ಚಿದ ಕಡತಗಳಲ್ಲಿ ಎಷ್ಟೋ ಆಕಸ್ಮಿಕವಲ್ಲ ಎಂದು ದನಿಯೆತ್ತಿದರು. ಯಂತ್ರ ಹೇಗೆ ನಡೆಯುತ್ತದೆ, ಹೇಗೆ ಕೆಡುತ್ತದೆ ಎಂದು ತಿಳಿದಿರುವುದು ಬರೀ ಎಂಟು ಸಾವಿರ ಉಳಿಸುವ ಮಾತಲ್ಲ. ತಿಳಿಯದವರಿಗೆ ಯಾರು ಯಾವ ಕಥೆಯನ್ನಾದರೂ ಹೇಳಬಹುದು. ತಿಳಿದವಳು "ಹಾಗೆ ಆಗುವುದಿಲ್ಲ" ಎನ್ನಬಲ್ಲಳು. ಆ ಎರಡು ಪದದ ಬೆಲೆ ದೊಡ್ಡದು.

ಇಷ್ಟೆಲ್ಲ ಹೇಳಿ ನಮ್ಮದೇ ತಪ್ಪನ್ನು ಮುಚ್ಚಿಟ್ಟರೆ ಮೋಸ. "ಅಯ್ಯೋ, ನಮಗೆ ಇದೆಲ್ಲ ಗೊತ್ತಾಗಲ್ಲಪ್ಪ" ಎಂದು ನಾವೇ ಒಂದು ಬಗೆಯ ಮುದ್ದಿನಿಂದ ಹೇಳಿಕೊಳ್ಳುತ್ತೇವಲ್ಲ? ಕೈ ಮಸಿಯಾದೀತು, ಉಗುರು ಮುರಿದೀತು ಎನ್ನುತ್ತೇವೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ, ಕೆಸರಿನ ಕೈಯವರನ್ನು ಮಾತ್ರ ಗೇಟಿನಾಚೆ ನಿಲ್ಲಿಸುತ್ತೇವೆ. ಮಗಳನ್ನು ಇಂಜಿನಿಯರಿಂಗ್ ಓದಿಸುತ್ತೇವೆ, ಆದರೆ ಮೆಕ್ಯಾನಿಕಲ್ ಬೇಡ, ಕಂಪ್ಯೂಟರ್ ತಗೋ ಎನ್ನುತ್ತೇವೆ. ಮಸಿ ಹತ್ತುವ ಕೆಲಸವೆಲ್ಲ ಕೀಳು ಎಂದು ನಾವು ನಂಬಿರುವ ತನಕ ಆ ಗ್ಯಾರೇಜಿನ ಹುಡುಗನಿಗೂ ಗೌರವವಿಲ್ಲ. ಗೌರವವಿಲ್ಲದ ಕಸುಬನ್ನು ಅವನಾದರೂ ಯಾಕೆ ಅಕ್ಕರೆಯಿಂದ ಕಲಿತಾನು? ಅವನ ಕೈಗೆ ಸರಿಯಾದ ಅಳತೆಯ ಸ್ಪ್ಯಾನರು ಕೊಟ್ಟು ಕಲಿಸಿದವರು ಯಾರು? ಮೂರು ದಿನ ಆ ಸಂದಿಯಲ್ಲಿ ಕೈಯಿಟ್ಟ ಮೇಲೆ ಒಳ್ಳೆಯ ಮೆಕ್ಯಾನಿಕ್ಕಿನ ಕೂಲಿ ನನಗೆ ದುಬಾರಿ ಎನಿಸುತ್ತಿಲ್ಲ. ಕೆಟ್ಟವನ ಸುಳ್ಳು ಮಾತ್ರ ದುಬಾರಿ.

ಕೊನೆಯದಾಗಿ ಆಯುಧ ಪೂಜೆಯ ವಿಷಯ. ಪ್ರತಿ ವರ್ಷ ಮಹಾನವಮಿಯ ದಿನ ಆ ಪೆಟ್ಟಿಗೆ ಅಟ್ಟದಿಂದ ಇಳಿಯುತ್ತದೆ. ಸ್ಪ್ಯಾನರು, ಸುತ್ತಿಗೆ, ಸ್ಕ್ರೂಡ್ರೈವರುಗಳನ್ನು ತೊಳೆದು ಒರೆಸುವವಳು ನಾನು. ಅರಿಶಿನ ಕುಂಕುಮ ಇಟ್ಟು ಸೇವಂತಿಗೆ ಏರಿಸುವವಳು ನಾನು. ಕಾರಿಗೆ ಬೂದುಗುಂಬಳಕಾಯಿ ಒಡೆದ ಮೇಲೆ ರಸ್ತೆ ಗುಡಿಸುವವಳೂ ನಾನೇ. ಪೂಜೆ ಮಾಡಲು ಅಡ್ಡಿಯಿಲ್ಲದ ಕೈ, ಉಳಿದ 364 ದಿನ ಅವನ್ನು ಹಿಡಿಯಲು ಅಡ್ಡಿಯಾಗುವುದು ಹೇಗೆ?

ಈ ಸಲ ನಾನು ಇಂಚಿನ ಸ್ಪ್ಯಾನರುಗಳ ಪಕ್ಕದಲ್ಲಿ ನನ್ನ ಆರು ಮೂಲೆಯ ಸಾಕೆಟ್ ಸೆಟ್ಟನ್ನೂ ಇಟ್ಟೆ. ದುಂಡಗಾದ ಆ ಬೋಲ್ಟನ್ನೂ ಇಟ್ಟು ಕುಂಕುಮ ಹಚ್ಚಿದೆ. ಯಜಮಾನರು ನೋಡಿ, "ಇದ್ಯಾಕೆ, ಬಿಸಾಕೋದು ತಾನೆ?" ಎಂದರು. "ಇರಲಿ ರೀ, ಯಾರು ಸವೆಸಿದ್ದು ಅಂತ ನೆನಪಿರಲಿ" ಎಂದೆ. ನಕ್ಕು ಸುಮ್ಮನಾದರು.

ಬರುವ ಮಾಘದಲ್ಲಿ ನನ್ನ ಅಕ್ಕನ ಮಗಳ ಮದುವೆ. ಬೆಳ್ಳಿಯ ಕುಂಕುಮದ ಭರಣಿ ಕೊಡಬೇಕೆಂದಿದ್ದೆ. ಕೊಡುತ್ತೇನೆ. ಅದರ ಜೊತೆ 8ರಿಂದ 19ರವರೆಗಿನ ಒಂದು ಸ್ಪ್ಯಾನರ್ ಸೆಟ್ಟನ್ನೂ ಕೊಡುತ್ತೇನೆ, ಮಿಲಿಮೀಟರಿನದ್ದು. ಬೀಗರು ಏನಾದರೂ ಅಂದುಕೊಳ್ಳಲಿ. ನೀವೂ ನಿಮ್ಮ ಮಗಳಿಗೋ ಸೊಸೆಗೋ ಕೊಡಿ. ಕೊಡುವ ಮೊದಲು ಒಂದು ಸಲ ಅವಳ ಕೈಯಲ್ಲೇ ಒಂದು ಬೋಲ್ಟು ಬಿಚ್ಚಿಸಿ. ಟಾರ್ಚನ್ನು ನೀವು ಹಿಡಿದುಕೊಳ್ಳಿ.